ಮೂವತ್ತೊಂಬತ್ತು ಅಂಕಿಗಳ ಒಂದು ಸಂಖ್ಯೆ

೨೦೨೪ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ದಿನಪತ್ರಿಕೆಗಳಲ್ಲಿ ಒಂದು ಪುಟ್ಟ ಸುದ್ದಿ ಪ್ರಕಟವಾಯಿತು. ಅದುವರೆಗೆ ಮನುಷ್ಯನಿಗೆ ತಿಳಿದಿದ್ದ ಅವಿಭಾಜ್ಯ ಸಂಖ್ಯೆಗಳಲ್ಲೆಲ್ಲ ದೊಡ್ಡದಾದ ಒಂದನ್ನು ಅಮೆರಿಕದ ಲೂಕ್ ಡ್ಯುರಾಂಟ್ ಎಂಬವರು ಕಂಡುಹಿಡಿದರೆಂಬುದು ಆ ಸುದ್ದಿ. ೧೩,೬೨,೭೯,೮೪೧ ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧದಲ್ಲಿ ಒಂದನ್ನು ಕಳೆದರೆ ಆ ಸಂಖ್ಯೆ ದೊರೆಯುತ್ತದೆ. ಅದರಲ್ಲಿರುವ ಅಂಕಿಗಳು ೪,೧೦,೨೪,೩೨೦. ಪುಟಕ್ಕೆ ಮೂರು ಸಾವಿರ ಅಂಕಿಗಳಂತೆ ಅಚ್ಚುಹಾಕಿಸಿದರೂ ಹದಿಮೂರು ಸಾವಿರಕ್ಕೆ ಮೀರಿದ ಪುಟಗಳು ಬೇಕು. ನಮ್ಮಲ್ಲಿ ಬಹುಮಂದಿ ಆ ಸುದ್ದಿಯನ್ನು ಓದಿ, ಒಂದು ಕ್ಷಣ ಬೆರಗಾಗಿ, ಮುಂದಿನ ಪುಟಕ್ಕೆ ನಡೆದೆವು. ಕೇಳಬೇಕಾಗಿದ್ದ ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ: ಅದು ಅವಿಭಾಜ್ಯವೆಂದು ಅವರಿಗೆ ಹೇಗೆ ತಿಳಿಯಿತು?

ಈ ವಾರ ಆ ಪ್ರಶ್ನೆಯನ್ನು ಎತ್ತಿಕೊಳ್ಳಬೇಕೆಂದು ನಮ್ಮ ಇಚ್ಛೆ. ನಾಲ್ಕು ಕೋಟಿ ಅಂಕಿಗಳ ಸಂಖ್ಯೆಯನ್ನು ಕಣ್ಣಿನೆದುರಿಗೆ ಇಟ್ಟುಕೊಳ್ಳುವುದು ಸಾಧ್ಯವಲ್ಲ. ಆದುದರಿಂದ ಅದೇ ವಂಶಕ್ಕೆ ಸೇರಿದ, ಅದಕ್ಕಿಂತ ತೀರ ಚಿಕ್ಕದಾದ, ಒಂದೇ ಸಾಲಿನಲ್ಲಿ ಬರೆಯಬಹುದಾದ ಒಬ್ಬ ಹಿರಿಯನನ್ನು ವಾಚಕರಿಗೆ ಪರಿಚಯಮಾಡಿಕೊಡುತ್ತೇವೆ:

೧೭೦೧೪೧೧೮೩೪೬೦೪೬೯೨೩೧೭೩೧೬೮೭೩೦೩೭೧೫೮೮೪೧೦೫೭೨೭

ಇದು ೨ರ ೧೨೭ನೆಯ ಘಾತದಿಂದ ಒಂದನ್ನು ಕಳೆದಾಗ ಬರುವ ಸಂಖ್ಯೆ, ಮೂವತ್ತೊಂಬತ್ತು ಅಂಕಿಗಳುಳ್ಳದ್ದು. ಒಂದು ಮತ್ತು ಸ್ವತಃ ತಾನು, ಇವೆರಡನ್ನು ಬಿಟ್ಟು ಮತ್ತಾವ ಪೂರ್ಣಸಂಖ್ಯೆಯಿಂದಲೂ ಇದು ಶೇಷವಿಲ್ಲದೆ ಭಾಗವಾಗುವುದಿಲ್ಲ. ೨, ೩, ೫, ೭, ೧೧, ೧೩ ಎಂದು ಶಾಲೆಯಲ್ಲಿ ನಾವು ಕಲಿತ ಅವಿಭಾಜ್ಯಗಳ ಸಾಲಿನಲ್ಲಿಯೇ, ಬಹು ದೂರದಲ್ಲಿ, ಇದೂ ನಿಂತಿದೆ. ೧೮೭೬ರಲ್ಲಿ ಫ್ರಾನ್ಸಿನ ಎದುವಾರ್ ಲ್ಯೂಕಾ ಎಂಬ ಗಣಿತಜ್ಞನು ಇದರ ಅವಿಭಾಜ್ಯತೆಯನ್ನು ತೋರಿಸಿದನು. ಅಲ್ಲಿಂದ ಮುಂದೆ ಎಪ್ಪತ್ತೈದು ವರ್ಷಗಳ ಕಾಲ, ೧೯೫೧ರವರೆಗೆ, ಇದಕ್ಕಿಂತ ದೊಡ್ಡ ಅವಿಭಾಜ್ಯವೊಂದು ಲೋಕಕ್ಕೆ ತಿಳಿದಿರಲಿಲ್ಲ.

ಸಾಹಿತ್ಯದ ಪುಟಕ್ಕೂ ಇಂಥ ಸಂಖ್ಯೆಗೂ ಏನು ನಂಟು ಎಂದು ಯಾರಾದರೂ ಕೇಳಬಹುದು. ನಂಟು ಇದೆ, ಅದು ಹಳೆಯದು. ಛಂದಶ್ಶಾಸ್ತ್ರವನ್ನು ಓದಿದವರಿಗೆ ಪ್ರಸ್ತಾರವೆಂಬ ಮಾತು ಗೊತ್ತು. ಪಾದದಲ್ಲಿ ಒಂದೇ ಅಕ್ಷರವಿದ್ದರೆ ಅದು ಗುರುವಾಗಬಹುದು ಅಥವಾ ಲಘುವಾಗಬಹುದು, ಎರಡು ವಿಧ. ಎರಡು ಅಕ್ಷರಗಳಿದ್ದರೆ ನಾಲ್ಕು ವಿಧ, ಮೂರಿದ್ದರೆ ಎಂಟು. ಒಂದೊಂದು ಅಕ್ಷರ ಹೆಚ್ಚಿದಂತೆಲ್ಲ ವಿಧಗಳು ಇಮ್ಮಡಿಯಾಗುತ್ತವೆ. ಇಪ್ಪತ್ತಾರು ಅಕ್ಷರಗಳ ಉತ್ಕೃತಿಯೊಂದರಲ್ಲಿಯೇ ೬,೭೧,೦೮,೮೬೪ ಸಮವೃತ್ತಗಳಿಗೆ ಎಡೆಯುಂಟು. ಉಕ್ತೆಯಿಂದ ಉತ್ಕೃತಿಯವರೆಗಿನ ಇಪ್ಪತ್ತಾರು ಛಂದಸ್ಸುಗಳನ್ನೂ ಕೂಡಿಸಿದರೆ ೧೩,೪೨,೧೭,೭೨೬. ಇಷ್ಟು ವೃತ್ತಗಳಲ್ಲಿ ಕವಿಗಳು ಬಳಸಿದ್ದು ಬೆರಳೆಣಿಕೆಯವನ್ನು. ಆದರೂ ಶಾಸ್ತ್ರಕಾರರು ಎಲ್ಲವನ್ನೂ ಎಣಿಸಿದರು. ಪಾದದಲ್ಲಿ ೧೨೭ ಅಕ್ಷರಗಳಿವೆಯೆಂದು ಭಾವಿಸಿ ಪ್ರಸ್ತಾರ ಹಾಕಿದೆವೆನ್ನೋಣ. ಅದರ ಮೊದಲನೆಯ ಪಂಕ್ತಿ ಸರ್ವಗುರು. ಆ ಒಂದು ಪಂಕ್ತಿಯನ್ನು ಬದಿಗಿಟ್ಟು ಉಳಿದವುಗಳನ್ನು ಎಣಿಸಿದರೆ ಬರುವುದು ಮೇಲೆ ಅಚ್ಚಾದ ಸಂಖ್ಯೆಯೇ.

ನೂರಿಪ್ಪತ್ತೇಳು ಸಲ ಇಮ್ಮಡಿಸದೆ ಇದನ್ನು ಪಡೆಯುವ ಉಪಾಯವನ್ನೂ ಪಿಂಗಳನ ಸೂತ್ರಗಳು ಹೇಳುತ್ತವೆ. ಅಕ್ಷರಗಳ ಎಣಿಕೆ ಸಮವಾಗಿದ್ದರೆ ಅರ್ಧಮಾಡು. ಬೆಸವಾಗಿದ್ದರೆ ಒಂದನ್ನು ಕಳೆ. ಹೀಗೆ ಸೊನ್ನೆಯವರೆಗೆ ಇಳಿ. ಆಮೇಲೆ ಇಳಿದ ದಾರಿಯಲ್ಲಿಯೇ, ಒಂದರಿಂದ ಆರಂಭಿಸಿ, ಮೇಲೇರು: ಒಂದನ್ನು ಕಳೆದ ಕಡೆ ಇಮ್ಮಡಿಸು, ಅರ್ಧಮಾಡಿದ ಕಡೆ ವರ್ಗಮಾಡು. ೧೨೭ಕ್ಕೆ ಈ ಕ್ರಮದಲ್ಲಿ ಏಳು ಇಮ್ಮಡಿಗಳು, ಆರು ವರ್ಗಗಳು. ಒಟ್ಟು ಹದಿಮೂರು ಹೆಜ್ಜೆಗಳು ಸಾಕು. ವರ್ಗಮಾಡುವುದೆಂಬ ಈ ಏಣಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಲ್ಯೂಕಾನ ಕೈಯಲ್ಲಿ ಇಂಥದೇ ಏಣಿಯೊಂದನ್ನು ಕಾಣಲಿದ್ದೇವೆ.

ಅವಿಭಾಜ್ಯತೆಯ ಮಹಿಮೆಯೇನೆಂಬುದನ್ನು ನಮ್ಮ ಎಂಟು ಗಣಗಳೇ ತೋರಿಸಿಕೊಡುತ್ತವೆ. ಮಗಣದಲ್ಲಿ ಮೂರೂ ಗುರು, ನಗಣದಲ್ಲಿ ಮೂರೂ ಲಘು. ಅವೆರಡನ್ನು ಬಿಡೋಣ. ಉಳಿದ ಆರರಲ್ಲಿ ಯಗಣವನ್ನು ತೆಗೆದುಕೊಂಡು ಅದರ ಮೊದಲಕ್ಷರವನ್ನು ಕೊನೆಗೆ ಸಾಗಿಸಿದರೆ ತಗಣವಾಗುತ್ತದೆ. ಮತ್ತೆ ಹಾಗೆಯೇ ಮಾಡಿದರೆ ರಗಣ. ಇನ್ನೊಮ್ಮೆ ಮಾಡಿದರೆ ಪುನಃ ಯಗಣ. ಭಗಣ, ಸಗಣ, ಜಗಣಗಳೂ ಹೀಗೆಯೇ ಒಂದರಿಂದೊಂದು ಹುಟ್ಟಿ ಒಂದು ಬಳೆಯಾಗುತ್ತವೆ. ಎಂಟರಲ್ಲಿ ಎರಡು ಕಳೆದರೆ ಆರು. ಆರರಲ್ಲಿ ಮೂರು ಮೂರು ಗಣಗಳ ಎರಡು ಬಳೆಗಳು. ಅಕ್ಷರಗಳು ನಾಲ್ಕಾದರೆ ಈ ಅಂದ ಕೆಡುತ್ತದೆ. ಗುರು-ಲಘು-ಗುರು-ಲಘು ಎಂಬ ವಿನ್ಯಾಸವು ಎರಡೇ ಸರದಿಗೆ ಮೊದಲಿನ ರೂಪಕ್ಕೆ ಬಂದುಬಿಡುತ್ತದೆ. ಏಕೆಂದರೆ ನಾಲ್ಕು ಎಂಬುದು ಎರಡೆರಡಾಗಿ ಒಡೆಯುವ ಸಂಖ್ಯೆ. ಹದಿನಾರರಲ್ಲಿ ಎರಡು ಕಳೆದ ಹದಿನಾಲ್ಕು ನಾಲ್ಕರಿಂದ ಭಾಗವಾಗುವುದೂ ಇಲ್ಲ. ಅಕ್ಷರಗಳ ಎಣಿಕೆ ಅವಿಭಾಜ್ಯವಾಗಿದ್ದರೆ ಮಾತ್ರ ಯಾವ ವಿನ್ಯಾಸವೂ ನಡುವೆ ಮುರಿಯದೆ ಪೂರ್ತಿ ಬಳೆಯಾಗುವುದೆಂಬ ಭರವಸೆಯುಂಟು. ೧೨೭ ಅವಿಭಾಜ್ಯ. ಆದುದರಿಂದ ೨ರ ೧೨೭ನೆಯ ಘಾತದಲ್ಲಿ ಎರಡನ್ನು ಕಳೆದರೆ ಉಳಿಯುವುದು ೧೨೭ರಿಂದ ಸರಿಯಾಗಿ ಭಾಗವಾಗುತ್ತದೆ. ಎಂದರೆ ನಮ್ಮ ಸಂಖ್ಯೆಯನ್ನು ೧೨೭ರಿಂದ ಭಾಗಿಸಿದರೆ ಶೇಷ ಒಂದು. ಹದಿನೇಳನೆಯ ಶತಮಾನದ ಫೆರ್ಮಾ ಎಂಬ ಫ್ರೆಂಚ್ ವಿದ್ವಾಂಸನ ಹೆಸರಿನಿಂದ ಪ್ರಸಿದ್ಧವಾದ ಪ್ರಮೇಯದ ಒಂದು ಮುಖವಿದು. ಗುಣಾಕಾರ ಭಾಗಾಕಾರಗಳನ್ನು ಮಾಡದೆ, ಗಣಗಳನ್ನು ತಿರುಗಿಸಿಯೇ ನಾವು ಇದನ್ನು ಕಂಡುಕೊಂಡೆವು.

ಇನ್ನು ಆ ಸಂಖ್ಯೆಯ ಚರಿತ್ರೆ. ಮರೀನ್ ಮೆರ್ಸೆನ್ ಎಂಬ ಫ್ರೆಂಚ್ ಪಾದ್ರಿಯು ೧೬೪೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಪಟ್ಟಿ ಕೊಟ್ಟನು. ಎರಡರ ಘಾತದಿಂದ ಒಂದನ್ನು ಕಳೆದಾಗ, ಘಾತವು ೨, ೩, ೫, ೭, ೧೩, ೧೭, ೧೯, ೩೧, ೬೭, ೧೨೭, ೨೫೭ ಆಗಿದ್ದರೆ ಬರುವುದು ಅವಿಭಾಜ್ಯ. ೨೫೭ರೊಳಗಿನ ಇನ್ನಾವ ಘಾತಕ್ಕೂ ಅದು ಸಲ್ಲದು ಎಂದು ಆತನ ಮಾತು. ಈ ಮಾದರಿಯ ಅವಿಭಾಜ್ಯಗಳಿಗೆ ಇಂದಿಗೂ ಆತನ ಹೆಸರೇ ಉಳಿದಿದೆ. ಘಾತವು ಅವಿಭಾಜ್ಯವಾಗಿರುವುದು ಅವಶ್ಯ; ಆದರೆ ಅಷ್ಟೇ ಸಾಲದು. ೧೧ ಅವಿಭಾಜ್ಯವಾದರೂ ೨ರ ೧೧ನೆಯ ಘಾತದಿಂದ ಒಂದನ್ನು ಕಳೆದ ೨೦೪೭ ಎಂಬುದು ೨೩ ಮತ್ತು ೮೯ರ ಗುಣಲಬ್ಧ. ಮೆರ್ಸೆನ್ ಸಜ್ಜನ, ಬಹುಶ್ರುತ. ಯೂರೋಪಿನ ವಿದ್ವಾಂಸರೊಡನೆಲ್ಲ ಪತ್ರವ್ಯವಹಾರವಿಟ್ಟುಕೊಂಡಿದ್ದವನು. ಆದರೆ ತನ್ನ ಪಟ್ಟಿಗೆ ಆತನು ಪ್ರಮಾಣವನ್ನು ಕೊಡಲಿಲ್ಲ. ಇನ್ನೂರು ವರ್ಷಗಳಿಗೂ ಮಿಕ್ಕಿ ಆ ಪಟ್ಟಿ ಬಹುಮಟ್ಟಿಗೆ ಹಾಗೆಯೇ ನಡೆದುಬಂತು. ಕೊನೆಗೆ ಪರೀಕ್ಷೆ ಮುಗಿದಾಗ ಅದರಲ್ಲಿ ಐದು ತಪ್ಪುಗಳು ಕಂಡುಬಂದವು: ೬೭ ಮತ್ತು ೨೫೭ ಇರಬಾರದಾಗಿತ್ತು, ೬೧, ೮೯, ೧೦೭ ಇರಬೇಕಾಗಿತ್ತು. ೧೨೭ರ ಮಟ್ಟಿಗೆ ಆತನ ಮಾತು ನಿಜವಾಯಿತು. ಆದರೆ ನಿಜವಾದ ಮಾತನ್ನು ಹೇಳಿದ ಮಾತ್ರಕ್ಕೆ ಮೆರ್ಸೆನ್ ಅದನ್ನು ಅರಿತಿದ್ದನೆಂದು ಹೇಳಬಹುದೆ?

ಪರೀಕ್ಷೆಯ ಹಾದಿ ಸುಗಮವಾಗಿರಲಿಲ್ಲ. ಇಂಥ ಸಂಖ್ಯೆಯನ್ನು ಭಾಗಿಸಬಲ್ಲ ಅವಿಭಾಜ್ಯ ಯಾವುದೇ ಇರಲಿ, ಅದರಲ್ಲಿ ಒಂದನ್ನು ಕಳೆದರೆ ಉಳಿಯುವುದು ಘಾತದ ಎರಡರಷ್ಟರಿಂದ ಭಾಗವಾಗಲೇಬೇಕು. ಅದನ್ನು ಎಂಟರಿಂದ ಭಾಗಿಸಿದರೆ ಶೇಷವು ಒಂದು ಅಥವಾ ಏಳು ಆಗಬೇಕು. ೨೦೪೭ರ ೨೩ ಮತ್ತು ೮೯ನ್ನು ಹೀಗೆ ಒರೆಹಚ್ಚಿ ನೋಡಬಹುದು. ಈ ನಿಯಮಗಳ ಬಲದಿಂದ ಆಯ್ಲರ್ ಮಹಾಶಯನು ೧೭೭೨ರಲ್ಲಿ, ಘಾತ ೩೧ರ ಸಂಖ್ಯೆಯಾದ ೨,೧೪,೭೪,೮೩,೬೪೭ ಅವಿಭಾಜ್ಯವೆಂದು ಸ್ಥಾಪಿಸಿದನು. ನೂರಕ್ಕಿಂತ ಕಡಿಮೆ ಭಾಜಕಗಳನ್ನು ಪರೀಕ್ಷಿಸುವುದು ಸಾಕಾಯಿತು. ಆದರೆ ೧೨೭ರ ಸಂಖ್ಯೆಗೆ ಇದೇ ದಾರಿ ಹಿಡಿದರೆ, ನಿಯಮಕ್ಕೆ ಹೊಂದುವ ಭಾಜಕಗಳನ್ನು ಸೆಕೆಂಡಿಗೆ ಒಂದರಂತೆ ಪರೀಕ್ಷಿಸುತ್ತ ಹೋದವನಿಗೂ ಸುಮಾರು ಎಂಬತ್ತು ಕೋಟಿ ವರ್ಷಗಳು ಬೇಕು. ಮನುಷ್ಯನ ತಾಳ್ಮೆ ಎಷ್ಟೇ ದೊಡ್ಡದಾದರೂ ಆಯುಷ್ಯ ಚಿಕ್ಕದು. ತಾಳ್ಮೆಗೆ ನಿಲುಕದ್ದನ್ನು ಉಪಾಯದಿಂದ ಪಡೆಯಬೇಕು.

ಲ್ಯೂಕಾನ ಉಪಾಯವು ಬಹು ಸರಳವಾಗಿ ಕಾಣುತ್ತದೆ. ಮೂರರಿಂದ ಆರಂಭಿಸು. ಅದನ್ನು ವರ್ಗಮಾಡಿ ಎರಡನ್ನು ಕಳೆ. ಬಂದುದನ್ನು ಮತ್ತೆ ವರ್ಗಮಾಡಿ ಎರಡನ್ನು ಕಳೆ. ಲೆಕ್ಕವು ಪರೀಕ್ಷೆಗೆ ಇಟ್ಟ ಸಂಖ್ಯೆಯನ್ನು ಮೀರಿದಾಗಲೆಲ್ಲ ಆ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. ನಾಲ್ಕರಿಂದ ಭಾಗಿಸಿದರೆ ಮೂರು ಉಳಿಯುವಂಥ ಅವಿಭಾಜ್ಯ ಘಾತಗಳಿಗೆ ಈ ಕ್ರಮ ಸಲ್ಲುತ್ತದೆ. ಘಾತ ೭ರ ಸಂಖ್ಯೆ ೧೨೭, ಅದನ್ನೇ ಪರೀಕ್ಷಿಸೋಣ. ಮೂರರ ವರ್ಗದಲ್ಲಿ ಎರಡು ಕಳೆದರೆ ೭. ಏಳರಿಂದ ೪೭. ೪೭ರ ವರ್ಗದಲ್ಲಿ ಎರಡು ಕಳೆದರೆ ೨೨೦೭. ೧೨೭ರಿಂದ ಭಾಗಿಸಿದರೆ ಶೇಷ ೪೮. ೪೮ರಿಂದ ೨೩೦೨, ಶೇಷ ೧೬. ಹದಿನಾರರಿಂದ ೨೫೪, ಅದು ೧೨೭ರ ಇಮ್ಮಡಿ, ಶೇಷ ಸೊನ್ನೆ. ಐದು ಹೆಜ್ಜೆಗಳಲ್ಲಿ ತೀರ್ಪು ದೊರೆಯಿತು. ಘಾತ ೧೧ರ ೨೦೪೭ಕ್ಕೆ ಇದನ್ನೇ ಮಾಡಿದರೆ ಒಂಬತ್ತನೆಯ ಹೆಜ್ಜೆಯಲ್ಲಿ ಬರುವುದು ಸೊನ್ನೆಯಲ್ಲ, ೧೦೩೪. ಆಸಕ್ತಿಯುಳ್ಳ ವಿದ್ಯಾರ್ಥಿಗಳು ಕಾಗದ ಪೆನ್ಸಿಲು ಹಿಡಿದು ಇದನ್ನು ತಾಳೆನೋಡಬೇಕೆಂದು ನಮ್ಮ ಪ್ರಾರ್ಥನೆ.

ಘಾತ ೧೨೭ಕ್ಕೆ ಬೇಕಾದುದು ೧೨೫ ಹೆಜ್ಜೆಗಳು. ಒಂದೊಂದು ಹೆಜ್ಜೆಯಲ್ಲಿಯೂ ಮೂವತ್ತೆಂಟು ಮೂವತ್ತೊಂಬತ್ತು ಅಂಕಿಗಳ ಸಂಖ್ಯೆಯನ್ನು ವರ್ಗಮಾಡಬೇಕು, ಭಾಗಿಸಬೇಕು. ಅದು ದೊಡ್ಡ ಶ್ರಮವೇ ಸರಿ; ಆದರೆ ಮನುಷ್ಯಸಾಧ್ಯವಾದ ಶ್ರಮ. ಎಂಬತ್ತು ಕೋಟಿ ವರ್ಷಗಳ ಕೆಲಸ ಹೀಗೆ ಒಬ್ಬನ ಮೇಜಿನ ಮೇಲಿನ ಕೆಲಸವಾಯಿತು. ಆ ವರ್ಗಗಳನ್ನು ಸಾಲಿಗೆ ೧೨೭ ಮನೆಗಳಿರುವ ಚದುರಂಗದ ಹಾಸಿನ ಮೇಲೆ ಕಾಯಿಗಳನ್ನು ನಡೆಸಿ ಮಾಡಬಹುದೆಂದೂ ಲ್ಯೂಕಾ ವಿವರಿಸಿದ್ದಾನೆ. ಆತನಿಗೆ ಆಟಗಳಲ್ಲಿ ತುಂಬ ಪ್ರೀತಿ. ಬಿಲ್ಲೆಗಳನ್ನು ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸುವ 'ಹನೋಯ್ ಗೋಪುರ'ವೆಂಬ ಆಟವನ್ನು ೧೮೮೩ರಲ್ಲಿ ಲೋಕಕ್ಕೆ ಕೊಟ್ಟವನೂ ಆತನೇ. ಆ ಆಟದಲ್ಲಿ ೧೨೭ ಬಿಲ್ಲೆಗಳಿದ್ದರೆ ಬೇಕಾಗುವ ಕನಿಷ್ಠ ನಡೆಗಳು ನಮ್ಮ ಸಂಖ್ಯೆಯಷ್ಟೇ ಎಂಬುದು ಒಂದು ಸೊಗಸು. ಆತನ ಫಲಿತಾಂಶವನ್ನು ಮುಂದೆ ಇತರರು ಮತ್ತೆ ಲೆಕ್ಕಮಾಡಿ ದೃಢಪಡಿಸಿದರು. ಆ ಪರೀಕ್ಷೆಯನ್ನು ಎಲ್ಲ ಬೆಸ ಅವಿಭಾಜ್ಯ ಘಾತಗಳಿಗೂ ಹೊಂದುವಂತೆ, ನಾಲ್ಕರಿಂದ ಆರಂಭವಾಗುವ ರೂಪದಲ್ಲಿ, ಅಚ್ಚುಕಟ್ಟುಮಾಡಿದವನು ಅಮೆರಿಕದ ಡೆರಿಕ್ ಹೆನ್ರಿ ಲೆಹ್ಮರ್.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಸೊನ್ನೆ ಬಾರದಿದ್ದರೆ ಸಂಖ್ಯೆ ಒಡೆಯುತ್ತದೆಂದು ತಿಳಿಯುತ್ತದೆ. ಹೇಗೆ ಒಡೆಯುತ್ತದೆಂದು ತಿಳಿಯುವುದಿಲ್ಲ. ಮೆರ್ಸೆನ್ ಹೇಳಿದ ಘಾತ ೬೭ರ ಸಂಖ್ಯೆ ಅವಿಭಾಜ್ಯವಲ್ಲವೆಂದು ಲ್ಯೂಕಾ ೧೮೭೬ರಲ್ಲಿಯೇ ತೋರಿಸಿದನು. ಅದರ ಅಪವರ್ತನಗಳನ್ನು ಕಾಣಲಿಲ್ಲ. ೧೯೦೩ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ್ದ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಫ್ರ್ಯಾಂಕ್ ನೆಲ್ಸನ್ ಕೋಲ್ ಎಂಬ ಪ್ರಾಧ್ಯಾಪಕನು ಅವುಗಳನ್ನು ಮುಂದಿಟ್ಟನು. ಇ. ಟಿ. ಬೆಲ್ ಬರೆದಿರುವ ವೃತ್ತಾಂತದ ಪ್ರಕಾರ, ಕೋಲ್ ಮಾತಿಲ್ಲದೆ ಹಲಗೆಯ ಬಳಿಗೆ ನಡೆದು ೨ರ ೬೭ನೆಯ ಘಾತವನ್ನು ಲೆಕ್ಕಹಾಕಿ ಒಂದನ್ನು ಕಳೆದನು, ಬಂದುದು ೧೪೭೫೭೩೯೫೨೫೮೯೬೭೬೪೧೨೯೨೭. ಬಳಿಕ ಹಲಗೆಯ ಇನ್ನೊಂದು ಕಡೆ ೧೯೩೭೦೭೭೨೧ ಎಂಬುದನ್ನು ೭೬೧೮೩೮೨೫೭೨೮೭ರಿಂದ ಕೈಯಾರೆ ಗುಣಿಸಿದನು. ಎರಡೂ ಒಂದೇ ಆದುವು. ಒಂದು ಮಾತನ್ನೂ ಆಡದೆ ತನ್ನ ಸ್ಥಾನಕ್ಕೆ ಹೋಗಿ ಕುಳಿತನು. ಸಭೆ ಕರತಾಡನ ಮಾಡಿತು. ಇದಕ್ಕೆ ಎಷ್ಟು ಕಾಲ ಹಿಡಿಯಿತೆಂದು ಬೆಲ್ ಮುಂದೊಮ್ಮೆ ಕೇಳಿದಾಗ, ಮೂರು ವರ್ಷಗಳ ಭಾನುವಾರಗಳು ಎಂದು ಕೋಲ್ ಉತ್ತರಿಸಿದನಂತೆ. ಭಾನುವಾರದ ಪುರವಣಿಯ ವಾಚಕರಿಗೆ ಈ ಉತ್ತರ ಹಿಡಿಸದಿರದು.

ನಮ್ಮ ಸಂಖ್ಯೆಯ ಗುಣಗಳು ಇಷ್ಟಕ್ಕೇ ಮುಗಿಯುವುದಿಲ್ಲ. ೨ರ ೨ನೆಯ ಘಾತದಲ್ಲಿ ಒಂದು ಕಳೆದರೆ ೩. ೩ನೆಯ ಘಾತದಲ್ಲಿ ಕಳೆದರೆ ೭. ೭ನೆಯ ಘಾತದಲ್ಲಿ ಕಳೆದರೆ ೧೨೭. ೧೨೭ನೆಯ ಘಾತದಲ್ಲಿ ಕಳೆದರೆ ನಮ್ಮ ಸಂಖ್ಯೆ. ತಾತ, ತಂದೆ, ಮಗ, ಮೊಮ್ಮಗನಂತೆ ನಾಲ್ಕು ತಲೆಮಾರುಗಳೂ ಅವಿಭಾಜ್ಯ. ಐದನೆಯ ತಲೆಮಾರೂ ಅವಿಭಾಜ್ಯವೇ? ಆ ಸಂಖ್ಯೆಯ ಅಂಕಿಗಳನ್ನು ಎಣಿಸುವುದಕ್ಕೇ ಮೂವತ್ತೆಂಟು ಅಂಕಿಗಳ ಸಂಖ್ಯೆ ಬೇಕು. ಲ್ಯೂಕಾನ ಏಣಿಯೂ ಅಲ್ಲಿಗೆ ಎಟುಕದು; ಪ್ರಶ್ನೆ ಇಂದಿಗೂ ತೆರೆದಿದೆ. ಇನ್ನೊಂದು ಗುಣವಿದೆ. ೬ ಎಂಬುದು ತನ್ನ ಭಾಜಕಗಳಾದ ೧, ೨, ೩ರ ಮೊತ್ತ. ೨೮ ಎಂಬುದು ೧, ೨, ೪, ೭, ೧೪ರ ಮೊತ್ತ. ಇಂಥವನ್ನು ಗ್ರೀಕರು ಪರಿಪೂರ್ಣ ಸಂಖ್ಯೆಗಳೆಂದು ಕರೆದರು. ಈ ವಂಶದ ಒಂದೊಂದು ಅವಿಭಾಜ್ಯವೂ ಒಂದೊಂದು ಪರಿಪೂರ್ಣ ಸಂಖ್ಯೆಯನ್ನು ಹಡೆಯುತ್ತದೆಂದು ಯೂಕ್ಲಿಡನು ತನ್ನ ಗ್ರಂಥದ ಒಂಬತ್ತನೆಯ ಭಾಗದ ಕೊನೆಯಲ್ಲಿ ಸಾಧಿಸಿದ್ದಾನೆ. ನಮ್ಮ ಸಂಖ್ಯೆಯನ್ನು ೨ರ ೧೨೬ನೆಯ ಘಾತದಿಂದ ಗುಣಿಸಿದರೆ ಎಪ್ಪತ್ತೇಳು ಅಂಕಿಗಳ ಪರಿಪೂರ್ಣ ಸಂಖ್ಯೆಯೊಂದು ದೊರೆಯುತ್ತದೆ.

೧೯೫೧ರಲ್ಲಿ ಇದಕ್ಕಿಂತ ದೊಡ್ಡ ಅವಿಭಾಜ್ಯಗಳು ಕಂಡವು. ೧೯೫೨ರ ಜನವರಿಯಲ್ಲಿ ಕ್ಯಾಲಿಫೋರ್ನಿಯದಲ್ಲಿ ರಾಫೆಲ್ ರಾಬಿನ್ಸನ್ ಸಿದ್ಧಪಡಿಸಿದ ಲೆಕ್ಕವನ್ನು ಗಣಕಯಂತ್ರವು ನಡೆಸಿ ಘಾತ ೫೨೧ ಮತ್ತು ೬೦೭ರ ಸಂಖ್ಯೆಗಳನ್ನು ಒಂದೇ ದಿನ ತಂದುಕೊಟ್ಟಿತು. ಅಲ್ಲಿಂದ ಮುಂದಿನದು ಯಂತ್ರಗಳ ಯುಗ. ಆದರೆ ೨೦೨೪ರ ಸಂಖ್ಯೆಯನ್ನು ಹೇಗೆ ಒಪ್ಪಿಕೊಂಡರೆಂದು ನೋಡಿ. ಮೊದಲು ಒಂದು ಯಂತ್ರವು ಅದು ಅವಿಭಾಜ್ಯವಾಗಿರುವ ಸಂಭವವಿದೆಯೆಂದು ಸೂಚಿಸಿತು. ಯಾರೂ ಅಷ್ಟಕ್ಕೇ ತೃಪ್ತರಾಗಲಿಲ್ಲ. ಮರುದಿನ ಬೇರೊಂದು ಯಂತ್ರವು ಲ್ಯೂಕಾ ಮತ್ತು ಲೆಹ್ಮರರ ಪರೀಕ್ಷೆಯನ್ನು ಕೊನೆಯವರೆಗೆ ನಡೆಸಿತು, ಸೊನ್ನೆ ಬಂದಿತು. ಅದರ ಮೇಲೂ ಬೇರೆ ಯಂತ್ರಗಳಲ್ಲಿ, ಬೇರೆಯವರು ಬರೆದ ಕ್ರಮವಿಧಿಗಳಿಂದ, ಅದನ್ನು ಪುನಃ ಪರೀಕ್ಷಿಸಿದ ಮೇಲೆಯೇ ಸುದ್ದಿಯನ್ನು ಹೊರಗೆ ಬಿಟ್ಟರು. ಯಂತ್ರ ಹೊಸದು, ಏಣಿ ೧೮೭೬ರದು. ಈ ವಂಶದ ಸಂಖ್ಯೆಗಳಿಗಷ್ಟೇ ಅಲ್ಲ, ಯಾವುದೇ ಸಂಖ್ಯೆಗೂ ಅವಿಭಾಜ್ಯತೆಯನ್ನು ನಿಸ್ಸಂದೇಹವಾಗಿ, ಮಿತವಾದ ಹೆಜ್ಜೆಗಳಲ್ಲಿ ತೀರ್ಮಾನಿಸುವ ವಿಧಾನವೊಂದನ್ನು ೨೦೦೨ರಲ್ಲಿ ಕಾನ್ಪುರದ ಐ.ಐ.ಟಿ.ಯ ಮಣೀಂದ್ರ ಅಗರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಎಂಬ ಮೂವರು ಕಂಡುಕೊಟ್ಟರು. ಅದರ ಬೇರಿನಲ್ಲಿರುವುದೂ ನಾವು ಗಣಗಳನ್ನು ತಿರುಗಿಸಿ ಕಂಡ ಆ ಫೆರ್ಮಾನ ಪ್ರಮೇಯವೇ.

ಇದರಿಂದ ಏನು ಪ್ರಯೋಜನ ಎಂಬ ಮಾತು ಏಳದೆ ಇರದು. ನೂರಾರು ಅಂಕಿಗಳ ಅವಿಭಾಜ್ಯಗಳು ಇಂದು ಬ್ಯಾಂಕುಗಳ ವ್ಯವಹಾರವನ್ನು, ಖಾಸಗಿ ಸಂದೇಶಗಳನ್ನು ಕಾಯುತ್ತಿರುವುದು ನಿಜ. ಆದರೆ ಅವು ಗುಟ್ಟಾಗಿ ಆರಿಸಿಕೊಂಡ ಸಂಖ್ಯೆಗಳು; ಲೋಕಕ್ಕೆಲ್ಲ ಹೆಸರಾದ ಮೆರ್ಸೆನ್ ವಂಶದವು ಆ ಗುಟ್ಟಿಗೆ ಒದಗುವುದಿಲ್ಲ. ಆದುದರಿಂದ ಉಪಯೋಗದ ಆಸರೆಯಿಂದ ಈ ಸಂಖ್ಯೆಯನ್ನು ಸಮರ್ಥಿಸುವುದು ನಮಗೆ ಬೇಡ. ಇದರ ಬೆಲೆ ಬೇರೆ ಕಡೆ ಇದೆ. ಮೆರ್ಸೆನ್ ಹೇಳಿದ್ದೂ ಲ್ಯೂಕಾ ಹೇಳಿದ್ದೂ ಒಂದೇ ವಾಕ್ಯ: ಈ ಸಂಖ್ಯೆ ಅವಿಭಾಜ್ಯ. ಮೊದಲನೆಯವನದು ನಂಬಿಕೆ, ಎರಡನೆಯವನದು ಅರಿವು. ವಾಕ್ಯದಲ್ಲಿ ಅಕ್ಷರಭೇದವೂ ಇಲ್ಲ. ಭೇದವಿರುವುದು ಅದರ ಹಿಂದಿನ ೧೨೫ ಹೆಜ್ಜೆಗಳಲ್ಲಿ.

ಈ ಭೇದವನ್ನು ನಮ್ಮ ವಿದ್ಯಾರ್ಥಿಗಳಿಗೆ ನಾವು ಕಲಿಸುತ್ತಿದ್ದೇವೆಯೆ? ಕವಿಯ ಕಾಲ ಇಂತಿಷ್ಟು, ಕೃತಿಯ ಕರ್ತೃ ಇಂಥವನು, ಈ ಪದದ ಮೂಲ ಇಂಥದು ಎಂದು ಹೇಳಿಕೊಡುತ್ತೇವೆ, ಅವರು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಹಾಗೆಯೇ ಒಪ್ಪಿಸುತ್ತಾರೆ. ಶಾಸನದ ಯಾವ ಸಾಲಿನಿಂದ, ಹಸ್ತಪ್ರತಿಯ ಯಾವ ಪಾಠದಿಂದ, ಯಾವ ತರ್ಕದಿಂದ ಆ ಕಾಲ ನಿರ್ಣಯವಾಯಿತೆಂದು ಕೇಳುವ ಹುಡುಗನಿಗೆ ಸಮಯವಿಲ್ಲವೆಂಬ ಉತ್ತರ ಸಿಗುತ್ತದೆ. ಉತ್ತರವು ಸರಿಯಾಗಿದ್ದರೆ ಸಾಕೆಂಬ ಭಾವನೆ ಗುರುಗಳಲ್ಲಿಯೂ ಶಿಷ್ಯರಲ್ಲಿಯೂ ಬೇರೂರಿದೆ. ಮೆರ್ಸೆನ್ನನ ಪಟ್ಟಿಯಲ್ಲಿಯೂ ಬಹುಪಾಲು ಉತ್ತರಗಳು ಸರಿಯಾಗಿಯೇ ಇದ್ದುವು. ಯಾವುದು ಸರಿ, ಯಾವುದು ತಪ್ಪು ಎಂದು ಆರಿಸುವ ಸಾಧನವು ಆತನ ವಾಚಕರ ಕೈಯಲ್ಲಿ ಇರಲಿಲ್ಲವೆಂಬುದೇ ಕೊರತೆ. ಅಂಗೈಯಲ್ಲಿಯೇ ಸಿದ್ಧ ಉತ್ತರಗಳು ದೊರೆಯುವ ಈ ಕಾಲದಲ್ಲಿ ಆ ಕೊರತೆ ಹೆಚ್ಚಾಗಿದೆಯೇ ಹೊರತು ತಗ್ಗಿಲ್ಲ.

ನಾಗವರ್ಮನ ಛಂದೋಂಬುಧಿಯಲ್ಲಿ ಪ್ರಸ್ತಾರ, ನಷ್ಟ, ಉದ್ದಿಷ್ಟ ಮೊದಲಾದ ಷಟ್ಪ್ರತ್ಯಯಗಳ ಭಾಗವೊಂದಿದೆ. ತರಗತಿಯಲ್ಲಿ ಅದು ಬಂದಾಗ, ಇದು ಬರಿಯ ಲೆಕ್ಕ, ಪರೀಕ್ಷೆಗೆ ಬರುವುದಿಲ್ಲ ಎಂದು ಹೇಳಿ ಪುಟ ಮಗುಚಿದವರು ಹಲವರು. ಈ ಸಾಲುಗಳನ್ನು ಬರೆಯುತ್ತಿರುವವನೂ ಅವರಲ್ಲೊಬ್ಬನು. ಒಮ್ಮೆಯಲ್ಲ, ಹಲವು ವರ್ಷ. ಆ ಪುಟದಲ್ಲಿ ನಮ್ಮ ಹಿರಿಯರು ವೃತ್ತಗಳ ಸಂಖ್ಯೆಯನ್ನು ಹೇಳಿ ಸುಮ್ಮನಾಗಲಿಲ್ಲ. ಅದನ್ನು ಯಾರು ಬೇಕಾದರೂ ಎಣಿಸಿ ತಾಳೆನೋಡುವ ಹಾದಿಯನ್ನೂ ತೋರಿಸಿದ್ದಾರೆ ಎಂಬುದು ತಡವಾಗಿ ಮನಸ್ಸಿಗೆ ಬಂತು. ಬರುವ ವರ್ಷ ಆ ಪುಟವನ್ನು ಮಗುಚುವುದಿಲ್ಲ. ಯಗಣ, ತಗಣ, ರಗಣಗಳನ್ನು ಹಲಗೆಯ ಮೇಲೆ ಬರೆದು, ಅವು ಮೂರೇ ಸರದಿಗೆ ಏಕೆ ಹಿಂದಿರುಗುತ್ತವೆಂದು ವಿದ್ಯಾರ್ಥಿಗಳನ್ನೇ ಕೇಳಬೇಕೆಂದಿದೆ. ಉತ್ತರವನ್ನು ಅವರು ಹೇಳುವವರೆಗೆ, ಕೋಲ್ ಮಹಾಶಯನಂತೆ, ಸುಮ್ಮನಿರುವುದನ್ನು ಅಭ್ಯಾಸಮಾಡಬೇಕು.